ಜುಲೈ ತಿಂಗಳ ರಿಪೋರ್ಟು

ಡಾಕ್ಟರಮ್ಮ ಕೊಟ್ಟ ಕಾಗದದಲ್ಲಿ
ಅನ್ನದ ಮೇಲೆ ಒಂದು ಕೆಂಪು ಗೀಟು.
ಚಪಾತಿಗೂ ಗೀಟು, ಅವಲಕ್ಕಿಗೂ, ಬಟಾಟೆಗೂ.
ಉಳಿದದ್ದು ಕೆಳಗೆ, ಚಂದದ ಅಕ್ಷರದಲ್ಲಿ:
ಮೊಟ್ಟೆ ಎರಡು, ಬಾದಾಮಿ ಐದು, ಪನೀರು,
ಸೊಪ್ಪು ಬೇಕಾದಷ್ಟು, ಮೀನು ಧಾರಾಳ.
ಧಾರಾಳ ಎಂಬ ಶಬ್ದ ಓದಿ
ಬಸ್‌ಸ್ಟ್ಯಾಂಡಿನವರೆಗೂ ನನಗೆ ನಗು.

ನಾನು ಶೇವಂತಿ ತಾಂಡೇಲ. ಬೈತಖೋಲ ಶಾಲೆಯಲ್ಲಿ
ತೊಂಬತ್ತಾರು ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು.
ಹನ್ನೊಂದು ವರ್ಷದಿಂದ ಸೀರೆಗೆ, ಕೂದಲಿಗೆ
ಗಂಜಿಯ ಹಬೆ.
ಅನ್ನ ಬಿಡು ಅಂದರೆ ಎಲ್ಲಿಂದ ಬಿಡಲಿ,
ಕೈಯಿಂದಲೋ ಬಾಯಿಂದಲೋ?

ಸಂಜೆ ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದೆ.
ಮೊಟ್ಟೆ ಏಳು ರೂಪಾಯಿ,
ದಿನಕ್ಕೆರಡು, ತಿಂಗಳಿಗೆ ನಾನೂರಿಪ್ಪತ್ತು.
ಬಾದಾಮಿ ಕಾಲು ಕಿಲೋಗೆ ಇನ್ನೂರ ನಲವತ್ತು,
ತಾಳಿಯ ಗುಂಡು ಎಣಿಸಿದ ಹಾಗೆ ಎಣಿಸಿ ತಿನ್ನಬೇಕು.
ಪನೀರು ಬರೆಯಲೇ ಇಲ್ಲ.
ಶೇಂಗಾ ಬರೆದೆ. ಬಾದಾಮಿಯ ಬಡ ತಂಗಿ,
ಅವಳ ಸುದ್ದಿ ಕಾಗದದಲ್ಲಿ ಎಲ್ಲೂ ಇಲ್ಲ.
ಹರಿವೆ ಸೊಪ್ಪು, ಅಂಕೋಲೆಯಿಂದ ಮೊದಲ ಬಸ್ಸಿಗೆ
ಬುದವಂತಿ ತರುತ್ತಾಳೆ, ಕಟ್ಟು ಹದಿನೈದು;
ಬೆಂದರೆ ಒಂದು ಮುಷ್ಟಿ.
ನಾಲ್ಕು ಜನರ ಮನೆ. ನಾನೊಬ್ಬಳೇ ಮೊಟ್ಟೆ ತಿಂದರೆ
ಗಂಟಲಲ್ಲಿ ಇಳಿಯುವುದಿಲ್ಲ,
ಎಲ್ಲರೂ ತಿಂದರೆ ಲೆಕ್ಕ ಇಳಿಯುವುದಿಲ್ಲ.

ಮೂಲೆಯಲ್ಲಿ ರೇಷನ್ ಅಕ್ಕಿಯ ಚೀಲ.
ತಲೆಗೆ ಐದು ಕಿಲೋ, ಪುಕ್ಕಟೆ.
ಈ ಮನೆಗೆ ದುಡ್ಡು ಕೇಳದೆ ಬಂದದ್ದು ಅದೊಂದೇ.
ಅದಕ್ಕೇ ಗೀಟು.

ಅಕ್ಟೋಬರದಲ್ಲಿ ದೇವರು ಕಣ್ಣು ಬಿಟ್ಟ.
ಬಂದರಿನಲ್ಲಿ ಬಂಗಡೆ ರಾಶಿ,
ನೂರು ರೂಪಾಯಿಗೆ ಇಪ್ಪತ್ತು,
ಮಧ್ಯಾಹ್ನ ದಾಟಿದರೆ ಮೂವತ್ತು.
ತಾರ್ಲೆಯನ್ನಂತೂ ಎಣಿಸುವವರೇ ಇಲ್ಲ, ಸುರಿಯುವುದೇ.
ಮೈದುನ ರೋಹಿದಾಸ ಬೋಟಿನಿಂದ ಇಳಿದು
ಬಾಗಿಲಲ್ಲಿ ಚೀಲ ಇಟ್ಟು ಹೋಗುತ್ತಿದ್ದ.
ತಿರಫಳ ಹಾಕಿ ಬಂಗಡೆ, ಸೋಲ ಹಾಕಿ ಬಂಗಡೆ,
ಹೆಂಚಿನ ಮೇಲೆ ಬರೀ ಉಪ್ಪಿನ ಬಂಗಡೆ.
ಅನ್ನವಿಲ್ಲದ ಸಾರು ಮೊದಮೊದಲು
ಮದುಮಗ ಬಾರದ ಮಂಟಪದಂತಿತ್ತು,
ಆಮೇಲೆ ರೂಢಿಯಾಯಿತು.
ಡಿಸೆಂಬರಿನಲ್ಲಿ ಸಕ್ಕರೆ ನೂರ ನಲವತ್ತೆರಡು.
ಡಾಕ್ಟರಮ್ಮ ಬೆನ್ನು ತಟ್ಟಿದರು:
"ನೋಡಿ, ಮನಸ್ಸು ಮಾಡಿದರೆ ಆಗುತ್ತದೆ."
ಮನಸ್ಸು ಮಾಡಿದ್ದು ಸಮುದ್ರ. ನಾನು ಹೇಳಲಿಲ್ಲ.

ಜೂನ್ ಒಂದಕ್ಕೆ ಬೋಟುಗಳು ಲಂಗರು ಹಾಕಿದವು.
ಪೇಟೆಯಲ್ಲಿ ಇಸವಣದ ದರ ಕೇಳಲಿಕ್ಕೂ ಧೈರ್ಯವಾಗಲಿಲ್ಲ.
ಐಸಿನಲ್ಲಿ ಮಲಗಿದ ಹಳೆಯ ಬಂಗಡೆ
ಕಿಲೋಗೆ ಮುನ್ನೂರೈವತ್ತು,
ಅದರ ಕಣ್ಣೂ ಡಾಕ್ಟರಮ್ಮನ ಪೆನ್ನಿನ ಬಣ್ಣ.
ಒಣಮೀನು ಇತ್ತು. ಅದಕ್ಕೆ ಬಿಪಿಯ ಗೀಟು ಬೇರೆ.
ದುಡಿಮೆಯಿಲ್ಲದ ರೋಹಿದಾಸನಿಗೂ ಊಟ ನಮ್ಮಲ್ಲೇ.
ಚೀಲದ ಬಾಯಿ ಬಿಚ್ಚಿದೆ. ಪೇಜ್ ಬೇಯಿಸಿದೆ,
ಮಾವಿನ ಮಿಡಿ ಕಚ್ಚಿಕೊಂಡು ಎರಡು ಬಟ್ಟಲು ಕುಡಿದೆ.
ಸುಳ್ಳು ಹೇಳಲಾರೆ,
ಹೊಟ್ಟೆ ತುಂಬಿದ್ದು ಆವತ್ತೇ.

ಜುಲೈಯ ಒಂದು ಮೊಟ್ಟೆ ದಿನ
ಜೋರು ಮಳೆಗೆ ಐದು ಮಕ್ಕಳು ಬಂದಿರಲಿಲ್ಲ.
ಸುಲಿದ ಐದು ಮೊಟ್ಟೆ ತಟ್ಟೆಯಲ್ಲಿ ಉಳಿದವು.
ಹೆಡ್‌ಮಾಸ್ತರು ರಿಜಿಸ್ಟರಿನಲ್ಲಿ
ಉಳಿಕೆ ಐದು ಎಂದು ಬರೆದರು,
ಕೊಡೆ ತೆಗೆದುಕೊಂಡರು, ನನ್ನ ಕಡೆ ನೋಡದೆ
ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.
ಮೊಟ್ಟೆ ಎಲ್ಲಿ ಹೋದವು, ಇಲ್ಲಿ ಬರೆಯುವುದಿಲ್ಲ.

ಮೊನ್ನೆ ಮತ್ತೆ ಆಸ್ಪತ್ರೆ. ಎರಡು ಕಾಗದ
ಅಕ್ಕಪಕ್ಕ ಇಟ್ಟು ಡಾಕ್ಟರಮ್ಮ ಕೇಳಿದರು,
"ಅಷ್ಟು ಚೆನ್ನಾಗಿತ್ತಲ್ಲ, ಏನಾಯಿತು ನಿಮಗೆ?"
"ಟ್ರಾಲಿಂಗ್ ಬಂದ್ ಇತ್ತು, ಮೇಡಂ."
ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ
ಒಂದು ಮಾತ್ರೆ ಹೆಚ್ಚಿಗೆ ಬರೆದರು.
ಮಾತ್ರೆ ಪುಕ್ಕಟೆ, ಅಕ್ಕಿಯ ಹಾಗೆಯೇ.

ಬರುವಾಗ ಬಂದರಿನ ಬದಿಯಿಂದ ಬಂದೆ.
ಬೋಟು ಬಿಡಲು ಇನ್ನು ಆರೇ ದಿನ.
ರೋಹಿದಾಸ ಇಂಜಿನಿಗೆ ಗ್ರೀಸ್ ಹಚ್ಚುತ್ತಿದ್ದ,
ತಲೆ ಎತ್ತದೆ ಕೇಳಿದ, "ಎಷ್ಟಂತೆ ವಯನಿ?"
"ಇನ್ನೂರ ಎಪ್ಪತ್ತೊಂದು."
ಬಂಗಡೆಯ ದರ ಎಂದುಕೊಂಡನೋ ಏನೋ,
"ಇಳಿಯುತ್ತದೆ ಬಿಡು" ಅಂದ,
"ನಾವು ಹೋದ ಮೇಲೆ."