ಪೆನ್ಸಿಲ್ಲಿನಲ್ಲಿ ಬರೆದ ಫಲಿತಾಂಶ

ಫಲಿತಾಂಶ ಬರೆಯುವುದು ಪೆನ್ಸಿಲ್ಲಿನಲ್ಲೇ.
ಶಾಯಿಗೆ ಈ ಊರಿನ ಭಾನುವಾರ ಆಗಿಬರುವುದಿಲ್ಲ,
ಎರಡನೇ ಸುತ್ತಿನ ಹೊತ್ತಿಗೆ ಹೆಸರುಗಳೆಲ್ಲ ಕರಗಿ
ಪುಟದ ತುಂಬ ಒಂದೇ ನೀಲಿ ಕೊಳ.

ವೇಲ್ಸಿನ ಈ ಅಳಿವೆಯಲ್ಲಿ ನಮ್ಮದೊಂದು ಕ್ಲಬ್ಬು:
ತಗಡಿನ ಶೆಡ್ಡು, ಕೆಸರಿಗಿಳಿಯುವ ಇಳಿಜಾರು,
ಹತ್ತೊಂಬತ್ತು ಹಾಯಿದೋಣಿ
(ತೇಲುವಂಥವು ಹದಿನಾಲ್ಕು).
ಚಹಾ ಹಂಡೆಯ ನಲ್ಲಿ ಸೋರುತ್ತಿದೆ ಎಂದು
ಮಾರ್ಚಿನಿಂದ ಒಂದು ಚೀಟಿ.
ಅದರಡಿ ಬೇರೆ ಕೈಬರಹದಲ್ಲಿ: 'ಹೌದು.'

ಈ ವಾರ ಹಲಗೆಯ ಮೇಲೆ:
ಮೂರನೇ ಬೋಯಾ ಲಂಗರು ಕಿತ್ತು ಹೋಗಿದೆ,
ಕಂಡವರು ಗೆಥಿನ್‌ಗೆ ತಿಳಿಸಿ.
ರಬ್ಬರ್ ಬೂಟು ಸಿಕ್ಕಿದೆ, ಎಡಗಾಲಿನದು.
ಬೋರಲು ಹಾಕಿದ ಏಳನೇ ನಂಬರಿನಡಿ
ಬಾತು ಕಾವು ಕೂತಿದೆ,
ಮರಿ ಹೊರಡುವ ತನಕ ಆ ದೋಣಿಗೆ ರಜೆ.

ಐದು ನಿಮಿಷದ ಬಾವುಟ. ನಾಲ್ಕು. ಒಂದು.
ಗೆರೆಯ ಹಿಂದೆ ಎಲ್ಲರೂ ಸುಮ್ಮನೆ ಅಡ್ಡಾಡುತ್ತಾರೆ,
ಸಂತೆಯಲ್ಲಿ ಬೆಲೆ ಕೇಳದೆ
ಕಣ್ಣಲ್ಲೇ ತೂಗುವವರ ಹಾಗೆ.
ಹಾರ್ನ್ ಊದಿದೆ.

ವಾರವಿಡೀ ಪಿಸುಮಾತಿನಲ್ಲಿ ಹಲ್ಲು ಕೀಳುವ ಡಾಕ್ಟರ್ ಇದ್ವಾಲ್
ಮೊದಲ ಬೋಯಾದ ತಿರುವಿನಲ್ಲಿ
'ನೀರು! ನೀರು ಬಿಡಿ!' ಎಂದು ಅರಚಿದ.
ದಾರಿ ಬಿಡಿ ಎಂದರ್ಥ.
ಸುತ್ತ ಮೂರು ಮೈಲಿ ನೀರೇ ಇತ್ತು.

ಐರ್ಲಿಸ್ ಎಂದಿನಂತೆ ಕೊನೆ.
ಎಪ್ಪತ್ತಮೂರು ವರ್ಷ, ಗ್ಯಾರೇಜಿನಲ್ಲಿ ತಾನೇ ಕೂಡಿಸಿದ
ಪ್ಲೈವುಡ್ ದೋಣಿ, ಹಾಯಿಗೆ ಮೊಣಕೈ ತೇಪೆ.
ಹೆಸರು 'ಮಾಲ್ವೆನ್',
ಅಲ್ಲಿಯವರ ಮಾತಿನಲ್ಲಿ ಬಸವನಹುಳು.
ಅವಳು ಗೆರೆ ದಾಟುವ ಹೊತ್ತಿಗೆ ಉಳಿದವರು
ಒಣ ಸಾಕ್ಸು ಹಾಕಿಕೊಂಡು ಕೇಕು ಕತ್ತರಿಸುತ್ತಿರುತ್ತಾರೆ,
ಆದರೂ ನಾನು ಹಾರ್ನ್ ಊದಲೇಬೇಕು,
ಅವಳು ಕೈಯೆತ್ತಲೇಬೇಕು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಗಾಳಿ ಹೋದಾಗ?
ಅದು ಹೋಯಿತು, ಮೂರೂ ಹತ್ತಕ್ಕೆ,
ದೀಪ ಆರಿಸಿ ಬಾಗಿಲೆಳೆದುಕೊಂಡು ಹೋದಂತೆ.
ಇಳಿತ ಶುರುವಾಗಿತ್ತು.
ಹದಿಮೂರು ಹಾಯಿ ಜೋತುಬಿದ್ದು
ಹಿಂದು ಹಿಂದಕ್ಕೆ, ಸಮುದ್ರದ ಕಡೆಗೆ,
ದಾಟಿಬಂದ ಬೋಯಾವನ್ನೇ ಮತ್ತೆ ಎದುರುಗೊಳ್ಳುತ್ತ,
ನಾಚಿಕೆಯಿಂದ ಒಬ್ಬೊಬ್ಬರೇ ಲಂಗರು ಬಿಟ್ಟರು.

ಬಸವನಹುಳು ಮಾತ್ರ ದಂಡೆಗೆ ಮೈ ಉಜ್ಜಿಕೊಂಡು
ಜೊಂಡಿನ ಅಂಚಿನಲ್ಲಿ ಬರುತ್ತಿತ್ತು.
ಅಲ್ಲಿ ಮೊಣಕಾಲುದ್ದದ ನೀರು, ಸೆಳೆತವಿಲ್ಲ.
ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಮಕ್ಕಳು ಹತ್ತಲು ತಡಮಾಡಿದಾಗಲೆಲ್ಲ
ಕಿಟಕಿಯಾಚೆ ಇಳಿತದ ನೀರು
ಎಲ್ಲಿ ಓಡುತ್ತದೆ, ಎಲ್ಲಿ ಸೋಮಾರಿ ಕೂರುತ್ತದೆ
ನೋಡಿಟ್ಟುಕೊಂಡಿದ್ದಳಂತೆ.

ಗೆರೆ ದಾಟಿದಳು. ಮೊದಲಿಗೆ.
ನನ್ನ ಹೆಬ್ಬೆರಳು ಹಾರ್ನಿನ ಮೇಲೇ ಮರೆತುಹೋಗಿ
ಬಾತು ಏಳನೇ ನಂಬರಿನಡಿಯಿಂದ ಬೈಯಿತು.

ಆಮೇಲೆ ಗುಡಿಸಲ ಕಿಟಕಿಗೆ ಒದ್ದೆ ಕೈಗವಸು ತಟ್ಟಿತು.
'ನನ್ನ ಹೆಸರು ಹೊಡೆದುಹಾಕು.'
ಯಾಕೆ ಅಂದೆ.
'ಎರಡನೇ ಬೋಯಾಕ್ಕೆ ಚುಕ್ಕಾಣಿ ತಾಗಿತು.
ದಂಡವಾಗಿ ಒಂದು ಸುತ್ತು ತಿರುಗಬೇಕಿತ್ತು,
ತಿರುಗಿದ್ದರೆ ಇಳಿತ ಎಳೆದೊಯ್ಯುತ್ತಿತ್ತು. ತಿರುಗಲಿಲ್ಲ.'
ಯಾರೂ ನೋಡಿಲ್ಲವಲ್ಲ, ಐರ್ಲಿಸ್.
ಅವಳು ಮೂಗೊರೆಸಿಕೊಂಡಳು.
'ಚಹಾ ಉಳಿದಿದೆಯಾ?'

ಒದ್ದೆ ಹಾಳೆಯಲ್ಲಿ ರಬ್ಬರು ಅಳಿಸುವುದಿಲ್ಲ,
ಸಿಪ್ಪೆ ಸುಲಿಯುತ್ತದೆ.
ಮೊದಲ ಸಾಲಿನಲ್ಲಿ ಹೆಬ್ಬೆಟ್ಟಿನಗಲ ತೂತು,
ಅದರ ಕೆಳಗಿನಿಂದ ಶುರು: ಇದ್ವಾಲ್, ನಾಲ್ಕೂ ಇಪ್ಪತ್ತಾರು.
ಬಹುಮಾನದ ಹಿತ್ತಾಳೆ ಮುಚ್ಚಳ ಇಸಿದುಕೊಳ್ಳುವಾಗ ಅವನು
ತೂತಿನೊಳಗೆ ಬೆರಳಿಟ್ಟು ನೋಡಿದ.
ಏನೂ ಕೇಳಲಿಲ್ಲ.

ಮಂಗಳವಾರದ ಸುದ್ದಿ:
ಬೋಯಾ ಸಿಕ್ಕಿದೆ, ಎರಡು ಊರು ಆಚೆ.
ಹಂಡೆ ಸೋರುತ್ತಿದೆ.
ಏಳನೇ ನಂಬರು ಖಾಲಿ, ಬಾತು ಎಂಟು ಮರಿಗಳೊಡನೆ
ಬೆಳಿಗ್ಗೆ ಇಳಿಜಾರಿಗೆ ಹೊರಟಿತು.
ಎಣಿಸಿದವಳು ಐರ್ಲಿಸ್,
ಹಾಗಾಗಿ ಎಂಟೇ.