ನಳಿಕೆ

ನಲವತ್ತು ವರ್ಷ ಗ್ದಾನ್ಸ್ಕಿನ ಕಟ್ಟೆಯಲ್ಲಿ
ಹಡಗುಗಳ ಹೊಟ್ಟೆಗೆ ಬೆಸುಗೆ ಹಾಕಿದವನು;
ಕತ್ತಲಲ್ಲೂ ಸೋರಿಕೆಯ ಸದ್ದು ಹಿಡಿಯುತ್ತಿದ್ದೆ.
ಕಾಲಬುಡದಲ್ಲೇ ಮಲಗುವ ಬುರ್ಶ್ತಿನ್‌ನ ಒಳಗಿನದು
ಕೇಳಿಸಲೇ ಇಲ್ಲ.

ಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದ.
'ಸೋಮಾರಿ' ಅಂತ ಬೈದಿದ್ದೆ.

ಬಲಪಕ್ಕೆ ಬೋಳಿಸಿದ್ದಾರೆ, ಅಂಗೈಯಗಲ.
ಪರದೆಯ ಮೇಲೆ ಡಾಕ್ಟರ್ ಬೊಗುಮಿವಾ ಅವರ ಬೆರಳು:
ಬಲ ಹೃತ್ಕರ್ಣದ ಮೂಲೆಗೆ ಚೆರಿ ಹಣ್ಣಿನಷ್ಟು ಗಡ್ಡೆ,
ಅದು ಜಿನುಗಿ ಜಿನುಗಿ ಸುತ್ತಲ ಚೀಲ ತುಂಬಿ
ಗುಂಡಿಗೆಗೆ ಹಿಗ್ಗಲು ಜಾಗವಿಲ್ಲ.
ಒಳಗೆ ನೀರು ನುಗ್ಗಿ ಮುಳುಗಿದ ಹಡಗು ಕಂಡಿದ್ದೇನೆ;
ತನ್ನದೇ ನೆತ್ತರು ಹೊರಗೆ ನಿಂತು ಹಿಸುಕುವುದನ್ನು
ಕಂಡಿರಲಿಲ್ಲ.

ಸೂಜಿ. ಮೊದಲ ಹನಿಗಳು ಗಾಜಿನ ನಳಿಕೆಗೆ,
ನಳಿಕೆ ನನ್ನ ಕೈಗೆ:
"ಅಲ್ಲಾಡಿಸುತ್ತಿರಿ, ಪಾನ್ ಝೆನೊನ್. ಹೆಪ್ಪುಗಟ್ಟಿದರೆ ಹೇಳಿ,
ಗುಂಡಿಗೆಯನ್ನೇ ಚುಚ್ಚಿದ್ದೇನೆ ಅಂತ ಅರ್ಥ."
ಅಲ್ಲಾಡಿಸಿದೆ. ಬೀಟ್‌ರೂಟ್ ಸಾರಿನ ಬಣ್ಣ.
ಹೆಪ್ಪುಗಟ್ಟಲಿಲ್ಲ.
ಮುನ್ನೂರು ಮಿಲಿ ಇಳಿದ ಮೇಲೆ
ಬಾಲ ಮೇಜಿಗೆ ಎರಡು ಸಲ ಬಡಿಯಿತು.

"ಮತ್ತೆ ತುಂಬುತ್ತದೆ" ಅಂದರು. ವಾರವೋ, ತಿಂಗಳೋ.
ಪಂಪು ಹೊಡೆಯುತ್ತಲೇ ದಡಕ್ಕೆ ಸಾಗಿಸುವ ಹಡಗಿಗೆ
ಯಾವ ದಡ ಅಂತ ನಾವೂ ಕೇಳುತ್ತಿರಲಿಲ್ಲ.

ಸಂಜೆ ಮೂರು ಮಹಡಿ ತಾನೇ ಹತ್ತಿದ.
ತಿರುವಿನಲ್ಲಿ ನಿಂತು ಕಾದ.
ಏದುಸಿರು ನನ್ನದು.
ಕೋಟಿನ ಜೇಬಿನಲ್ಲಿ ನಳಿಕೆ ಹಾಗೇ ಉಳಿದಿತ್ತು;
ಕೈ ಇನ್ನೂ ಅದನ್ನು ಅಲ್ಲಾಡಿಸುತ್ತಿತ್ತು.