ಗುಂಡಿ ಅಂಗಡಿ

ಥೆಸಲೊನೀಕಿಯ ಎಗ್ನಾತಿಯಾ ಬೀದಿಯಲ್ಲಿ
ಸ್ಮಾರೋಳದು ಗುಂಡಿ ಅಂಗಡಿ.
ಅಂಗಿಯ ಗುಂಡಿ, ಕೋಟಿನ ಗುಂಡಿ,
ಪಾದ್ರಿಗಳ ನಿಲುವಂಗಿಗೆ ಕರಿಗುಂಡಿ.
ಎದುರಿಗೆ ಇನ್ನೊಂದು ಗುಂಡಿ ತೋಡಿದರು, ಮೆಟ್ರೋಗೆ.
ಎರಡಕ್ಕೂ ಒಂದೇ ಮಾತಿರುವುದು ನಮ್ಮಲ್ಲಿ,
ಅವಳ ಭಾಷೆಯಲ್ಲಿಲ್ಲ.
ಇದ್ದಿದ್ದರೆ ಆ ಹದಿನೆಂಟು ವರ್ಷದಲ್ಲಿ
ಒಮ್ಮೆಯಾದರೂ ನಕ್ಕಿರುತ್ತಿದ್ದಳು.

ಮೊದಲು ಬಂದದ್ದು ತಗಡಿನ ಬೇಲಿ.
"ಆರು ವರ್ಷ" ಎಂದ ಹೆಲ್ಮೆಟ್ಟಿನವನು,
ಆರು ನಿಮಿಷ ಎನ್ನುವ ಹಾಗೆ.
ಸ್ಮಾರೋ ಅಳತೆಯ ಟೇಪು ತಂದು ಹಿಡಿದಳು:
ಹೊಸ್ತಿಲಿಂದ ಬೇಲಿಗೆ ಒಂದು ಮೀಟರು ಹನ್ನೆರಡು.
ಗಂಡ ಸ್ತೆರ್ಗಿಯೋಸ್ ಲೆಕ್ಕದ ಪುಸ್ತಕ ತೆರೆದ.
ಎಡಪುಟಕ್ಕೆ ವ್ಯಾಪಾರ, ಬಲಪುಟಕ್ಕೆ ಬೇಲಿ.

ಫೆಬ್ರವರಿ: ಬೇಲಿ ಸರಿದಿದೆ. ತೊಂಬತ್ತಾರು ಸೆಂಟಿಮೀಟರು.
ದಪ್ಪನೆಯ ಆಂಥೂಲಾ ಅಡ್ಡಡ್ಡ ನಡೆದು ಬಂದು
ಒಂದು ಝಿಪ್ಪು ಕೊಂಡಳು, ಯಾಕೋ ಕ್ಷಮೆ ಕೇಳಿದಳು.
ಮೇ: ಕ್ರೇನು ಬಂತು.
ಮುಂದಿನ ಮೇ: ಕ್ರೇನು ಇದೆ.
ಅದರ ಮುಂದಿನ ಮೇ: ಕ್ರೇನಿನ ಮೇಲೆ ಕಡಲಹಕ್ಕಿಯ ಗೂಡು.
ಮರಿ ಮೂರು.

ದೇಶದ ದುಡ್ಡು ಮುಗಿದಿತ್ತು ಆಗ.
ಪಕ್ಕದಲ್ಲಿ ಕಾಫಿ ಹುರಿಯುತ್ತಿದ್ದ ಹಗೋಪ್ ಬಾಗಿಲು ಹಾಕಿದ,
ಎರಡು ಚಳಿಗಾಲ ಗೋಡೆಯಲ್ಲಿ ವಾಸನೆ ಉಳಿದಿತ್ತು.
ಜನ ಹೊಸ ಅಂಗಿ ಕೊಳ್ಳಲಿಲ್ಲ,
ಹಳೆಯದಕ್ಕೇ ಗುಂಡಿ ಹೊಲಿದುಕೊಂಡರು.
ಅಂಗಡಿ ಬದುಕಿದ್ದು ಹಾಗೆ,
ಹೇಳಿಕೊಳ್ಳಲು ನಾಚಿಕೆ.

ಸಾಲ ಯಾವಾಗ ತೀರಿಸುತ್ತೀ? ಮೆಟ್ರೋದಲ್ಲಿ ಬಂದು ಕೊಡುತ್ತೇನೆ.
ಮದುವೆ ಯಾವಾಗ? ಮೆಟ್ರೋ ಬರಲಿ.
ಹಳೆಯ ತಾರೀಖಿನ ಮೇಲೆ ಹೊಸ ತಾರೀಖು ಅಂಟಿಸಿ ಅಂಟಿಸಿ
ಬೇಲಿಯೇ ದಪ್ಪಗಾಯಿತು.
ದೆವ್ವ ಓಡಿಸಲು ನಮ್ಮವರು ಬಾಗಿಲಿಗೆ ಬರೆಯುತ್ತಿದ್ದರು
'ನಾಳೆ ಬಾ' ಅಂತ.
ಇಲ್ಲಿ ದೆವ್ವ ಯಾರು, ಬಾಗಿಲು ಯಾರದು?

ಆಮೇಲೆ ಊರಿನ ಕೆಳಗೆ ಊರು ಸಿಕ್ಕಿತು.
ಜಾಕೆಟ್ಟಿಗೆ ಗುಂಡಿ ಕೇಳಿಕೊಂಡು ಬಂದ ಪೋಲಿಕ್ಸೆನಿ,
ಅಗೆಯುವವರಲ್ಲಿ ಒಬ್ಬಳು, ಮೊಣಕಾಲೆಲ್ಲ ಮಣ್ಣು,
ಹೇಳಿದಳು: ಅಮೃತಶಿಲೆಯ ಹಾಸುಬೀದಿ,
ಗಾಡಿ ಚಕ್ರ ಸವೆಸಿದ ಗೆರೆ, ಎರಡೂ ಕಡೆ ಅಂಗಡಿ ಸಾಲು.
"ಏನು ಮಾರುತ್ತಿದ್ದರು?"
"ಒಂದರಲ್ಲಿ ಗಾಜು. ಒಂದರಲ್ಲಿ ಬಹುಶಃ ಚಿನ್ನದ ಕೆಲಸ.
ಇನ್ನೊಂದರಲ್ಲಿ ಏನೂ ಉಳಿದಿಲ್ಲ,
ಎಲ್ಲ ಕಟ್ಟಿಕೊಂಡು ಹೋಗಿದ್ದಾರೆ."
"ಬುದ್ಧಿವಂತರು" ಎಂದ ಸ್ತೆರ್ಗಿಯೋಸ್ ಏಣಿಯ ಮೇಲಿಂದ.

ಕಲ್ಲು ಅಲ್ಲೇ ಇರಬೇಕೋ ಏಳಬೇಕೋ ಎಂದು
ವರ್ಷಗಟ್ಟಲೆ ವಾದ.
ಬಲಪುಟದಲ್ಲಿ ಅವನ ಕೊನೆಯ ಅಂಕಿ: ಎಪ್ಪತ್ತೊಂದು.
ಅಷ್ಟು ಜಾಗದಲ್ಲಿ ಸ್ಟ್ರೆಚರು ತಿರುಗಲಿಲ್ಲ.
ಅಂಗಡಿಯ ಕುರ್ಚಿಯಲ್ಲೇ ಕೂರಿಸಿ
ಮೂಲೆಯವರೆಗೆ ಹೊತ್ತೊಯ್ದರು.
ಮುಂದಿನ ಅಂಕಿ ಅವಳ ಕೈಬರಹದಲ್ಲಿ ಇದೆ.

ಯಂತ್ರ ಅಡಿಯಲ್ಲಿ ಹಾದುಹೋದ ರಾತ್ರಿ
ಅವಳು ಅಂಗಡಿಯಲ್ಲೇ ಮಲಗಿದ್ದಳು.
ಗಾಜಿನ ಡಬ್ಬಗಳಲ್ಲಿ ಮೊದಲು ಚಿಪ್ಪಿನ ಗುಂಡಿ,
ಆಮೇಲೆ ಕೊಂಬಿನವು, ಕಡೆಗೆ ಪ್ಲಾಸ್ಟಿಕ್ಕಿನವೂ
ಬಾಣಲೆಯ ಸಾಸಿವೆಯ ಹಾಗೆ ಚಟಗುಟ್ಟಿದವು.
ಎದ್ದು ಮುಚ್ಚಳದ ಮೇಲೆ ಕೈಯಿಟ್ಟಳು. ನಿಲ್ಲಲಿಲ್ಲ.
"ಹೋಗು, ಹೋಗು" ಎಂದಳು ನೆಲಕ್ಕೆ,
ದಾರಿ ತಪ್ಪಿ ಒಳಬಂದ ದನಕ್ಕೆ ಹೇಳುವಂತೆ.

ಒಂದು ನವೆಂಬರಿನಲ್ಲಿ ಊರಿಗೂರೇ ಮೆಟ್ಟಿಲಿಳಿಯಿತು.
ಚಾಲಕನಿಲ್ಲದ ರೈಲು. ಮಕ್ಕಳು ಮುಂದಿನ ಗಾಜಿಗೆ
ಮೂಗು ಒತ್ತಿ ನಿಂತಿದ್ದವು.
ಸ್ಮಾರೋ ಒಂದೇ ಒಂದು ನಿಲ್ದಾಣ ಹೋಗಿ ಬಂದಳು.
ಎರಡು ನಿಮಿಷವೂ ಆಗಲಿಲ್ಲ.
ವರ್ಷಕ್ಕೆ ಎಷ್ಟು ಸೆಕೆಂಡು ಬಿತ್ತೆಂದು
ಲೆಕ್ಕ ಹಾಕಲು ಹೊರಟು, ಬಿಟ್ಟಳು.

ಬೇಲಿ ಕಿತ್ತದ್ದು ಒಂದು ಮಂಗಳವಾರ.
ರೂಢಿಯಂತೆ ಟೇಪು ಹಿಡಿದು ಹೊರಗೆ ಬಂದಳು.
ಹೊಸ್ತಿಲಿಂದ... ಎಲ್ಲಿಗೆ ಅಳೆಯುವುದು?
ಬಿಸಿಲು ಅವಳನ್ನು ದಾಟಿ, ಗಲ್ಲಾ ದಾಟಿ,
ಹಿಂದಿನ ಗೋಡೆಯ ಮೂರನೇ ಸಾಲಿಗೆ ಬಂದಿತ್ತು.
'ಕಪ್ಪು' ಎಂದು ಚೀಟಿಯಿದ್ದ ಡಬ್ಬ ಇಳಿಸಿ
ಒಂದು ಹಿಡಿ ಸುರಿದು ನೋಡಿದಳು.

ಕಡುನೀಲಿ.

ಟ್ಯೂಬ್‌ಲೈಟಿನ ಕೆಳಗೆ ಎಷ್ಟು ಪಾದ್ರಿಗಳಿಗೆ,
ಎಷ್ಟು ಸೂತಕದ ಮನೆಗಳಿಗೆ ಕೊಟ್ಟಿದ್ದಳೋ.
ಸ್ತೆರ್ಗಿಯೋಸ್‌ನನ್ನು ಮಣ್ಣಿಗಿಟ್ಟ ದಿನ ತೊಟ್ಟ
ಅವಳ ಕೋಟಿನ ಐದೂ.